ಪೋಸ್ಟ್ ಕಾರ್ಡ್: ಎರಡು ಅಂಕಿ ಅದು ತೋರ್ಸತ್ತೆ, ಮಿಕ್ಕಿದ್ದು ನಾವೇ ಹುಡುಕ್ಬೇಕು

ನಾಲ್ಕು ತಿಂಗಳು ಯೂಸ್ ಮಾಡಿ ಬರೀತಿದೀನಿ, ಬಾಕ್ಸ್ ಬಿಚ್ಚಿದ ದಿನವೇ ಐದು ಸ್ಟಾರ್ ಒತ್ತೋ ರಿವ್ಯೂ ಅಲ್ಲ ಇದು. ವಸ್ತು ಏನಪ್ಪಾ ಅಂದ್ರೆ ಕಂಪ್ಯೂಟರ್ ಶುರುವಾಗ್ದೆ ನಿಂತ್ರೆ ಎಲ್ಲಿ ನಿಂತಿದೆ ಅಂತ ತೋರ್ಸೋಕೆ ಮದರ್‌ಬೋರ್ಡಿನ ಪಿಸಿಐ ಸ್ಲಾಟಿಗೆ (ಬೇರೆ ಕಾರ್ಡು ಹಾಕೋ ಹಳೇ ತರದ ಜಾಗ) ಸಿಗಿಸೋ ಅಂಗೈಯಗಲದ ಕಾರ್ಡು, ಮೇಲೆ ಹಳೇ ಡಿಜಿಟಲ್ ಗಡಿಯಾರದ ತರ ಕೆಂಪಗೆ ಉರಿಯೋ ಎರಡು ಅಂಕಿ, ಪಕ್ಕದಲ್ಲಿ ಸಾಲಾಗಿ ಪುಟಾಣಿ ಎಲ್‌ಇಡಿಗಳು. ಬ್ರ್ಯಾಂಡು ಅಂತ ಏನೂ ಇಲ್ಲ, ಇಂಥದ್ದನ್ನ ಹತ್ತಾರು ಜನ ಒಂದೇ ತರ ಮಾಡಿ ಮಾರ್ತಾರೆ. ಪೋಸ್ಟ್ ಕಾರ್ಡ್ ಅಂತ ಹುಡುಕಿದ್ರೆ ಸಿಗತ್ತೆ, ಅಂಚೆ ಕಾರ್ಡ್ ಅಲ್ಲ ಮತ್ತೆ, ಪೋಸ್ಟ್ ಅಂದ್ರೆ ಪವರ್ ಆನ್ ಸೆಲ್ಫ್ ಟೆಸ್ಟ್, ಆನ್ ಆದಾಗ ಕಂಪ್ಯೂಟರ್ ತನ್ನನ್ನೇ ಪರೀಕ್ಷೆ ಮಾಡ್ಕೊಳ್ಳೋದು.

ನಂಗ್ಯಾಕೆ ಬೇಕಾಯ್ತು ಅಂದ್ರೆ, ಹಳೇ ಡೆಸ್ಕ್‌ಟಾಪ್ ಒಂದನ್ನ ಫೈಲ್ ಇಡೋಕೆ ಅಂತ ಎಬ್ಬಿಸಿದ್ದೆ. ಗ್ರಾಫಿಕ್ಸ್ ಕಾರ್ಡ್ ಮೊದಲೇ ಇತ್ತು, ಮೇಲೆ ರೈಡ್ (ಹಲವು ಡಿಸ್ಕನ್ನ ಒಟ್ಟುಗೂಡಿಸಿ ಬಳಸೋದು) ಮಾಡೋ ಒಂದು ಸಾಟಾ ಕಂಟ್ರೋಲರ್ ಕಾರ್ಡು, ಅಂದ್ರೆ ಡಿಸ್ಕ್ ಚುಚ್ಚೋ ಕಾರ್ಡು, ಹಾಕಿದೆ, ಆಮೇಲೆ ಇನ್ನೊಂದು ನೆಟ್‌ವರ್ಕ್ ಕಾರ್ಡೂ ಹಾಕಿದೆ. ಆನ್ ಮಾಡಿದ್ರೆ ಲೋಗೋ ಆದ್ಮೇಲೆ ಒಂದು ಸಾಲು, "ನಾಟ್ ಎನಫ್ ಸ್ಪೇಸ್ ಟು ಕಾಪಿ ಪಿಸಿಐ ಆಪ್ಷನ್ ರಾಮ್". ಅಷ್ಟೇ. ಮುಂದಕ್ಕೆ ಹೋಗ್ತಿತ್ತು, ಆದ್ರೆ ಆ ಸಾಟಾ ಕಾರ್ಡಿಗೆ ಚುಚ್ಚಿದ ಡಿಸ್ಕಿಂದ ಬೂಟ್ ಆಗ್ತಿರ್ಲಿಲ್ಲ. ನಾನು ಏನ್ಮಾಡಿದೆ, ಸ್ಪೇಸ್ ಇಲ್ಲ ಅಂತಿದೆಯಲ್ಲ ಅಂತ ರ್ಯಾಮ್ ಜಾಸ್ತಿ ಮಾಡಿದೆ! ನಗಬೇಡಿ. ರಾಮ್ (ROM, ಕಾರ್ಡಲ್ಲೇ ಅಚ್ಚಾಗಿರೋ ಪ್ರೋಗ್ರಾಂ) ಬೇರೆ ರ್ಯಾಮ್ (RAM, ಮೆಮೊರಿ) ಬೇರೆ ಅಂತ ಗೊತ್ತಿದ್ರೂ ಆ ಹೊತ್ತಲ್ಲಿ ಕೈ ಅಲ್ಲಿಗೇ ಹೋಯ್ತು.

ವಿಷಯ ಏನಂದ್ರೆ ಈ ತರ ಕಾರ್ಡುಗಳ ಒಳಗೆ ಅದ್ರದ್ದೇ ಒಂದು ಚಿಕ್ಕ ಪ್ರೋಗ್ರಾಂ ಇರತ್ತೆ, ಅದೇ ಆಪ್ಷನ್ ರಾಮ್. ಶುರುವಲ್ಲಿ ಬಯೋಸ್ (ಆನ್ ಮಾಡಿದ ಕೂಡ್ಲೇ ಓಡೋ ಬೋರ್ಡಿನ ಪ್ರೋಗ್ರಾಂ) ಅದನ್ನ ಎತ್ತಿ ಮೆಮೊರಿಯ ಒಂದು ಗೊತ್ತಾದ ಜಾಗಕ್ಕೆ ಹಾಕಿ ಓಡಿಸ್ಬೇಕು. ಆ ಜಾಗ ಮೊದಲ 1 ಎಂಬಿ ಒಳಗೇ ಇರ್ಬೇಕು, ಸಾಮಾನ್ಯವಾಗಿ ಸಿಗೋದು 128 ಕೆಬಿ. ನೀವು 16 ಜಿಬಿ ರ್ಯಾಮ್ ಹಾಕಿ, 64 ಹಾಕಿ, ಆ 128 ಹಿಗ್ಗಲ್ಲ, ಮೊದಲಿನ ಪಿಸಿಗಳ ಕಾಲದಿಂದ ಬಂದ ಲೆಕ್ಕ ಅದು. ಅದ್ರಲ್ಲಿ ಗ್ರಾಫಿಕ್ಸ್ ಕಾರ್ಡ್ ಮೊದಲೇ ಬಂದು ಕೂತ್ಬಿಡತ್ತೆ, ಆಮೇಲೆ ನೆಟ್‌ವರ್ಕಿಂದ ಬೂಟ್ ಮಾಡೋ ಪಿಎಕ್ಸ್ಇ ರಾಮ್, ಕೊನೆಗೆ ಪಾಪ ನನ್ನ ರೈಡ್ ಕಾರ್ಡು. ಹಾಸಿಗೆ ಇರೋದೇ ಇಷ್ಟು, ಕಾಲು ಚಾಚೋರು ಮೂರು ಜನ.

ಈ ಕೇಸಲ್ಲಿ ಪೋಸ್ಟ್ ಕಾರ್ಡ್ ಏನ್ಮಾಡ್ತು ಅಂದ್ರೆ, ನಿಜ ಹೇಳ್ಬೇಕಂದ್ರೆ ಜಾಸ್ತಿ ಏನಿಲ್ಲ. ಬಯೋಸ್ ಪ್ರತಿ ಹಂತಕ್ಕೆ ಬಂದಾಗ್ಲೂ 80 ಅನ್ನೋ ಹೆಕ್ಸ್ (0-9, ಎ-ಎಫ್ ಬಳಸೋ 16ರ ಲೆಕ್ಕ) ಪೋರ್ಟಿಗೆ ಒಂದು ಬೈಟ್ ಬರೀತಾ ಹೋಗತ್ತೆ, ಕಾರ್ಡ್ ಅದನ್ನ ಓದಿ ತೋರ್ಸತ್ತೆ, ಅದ್ರ ಕೆಲಸ ಮುಗೀತು. ನನ್ನ ಬೋರ್ಡಲ್ಲಿರೋದು ಎಎಂಐ ಕಂಪನಿಯ ಆಪ್ಟಿಯೋ ಅನ್ನೋ ಬಯೋಸ್, ಅದ್ರಲ್ಲಿ ಬಿ2 ಅಂದ್ರೆ ಆಪ್ಷನ್ ರಾಮ್ ಶುರು ಮಾಡ್ತಿದೀನಿ ಅಂತ, ಡಿ5 ಅಂದ್ರೆ ಅದಕ್ಕೆ ಜಾಗ ಇಲ್ಲ ಅಂತ. ಡಿ5 ಎಷ್ಟು ಬೇಗ ಮಿಂಚಿ ಮಾಯ ಆಗ್ತಿತ್ತು ಅಂದ್ರೆ ಕಣ್ಣಿಗೆ ಸಿಗ್ಲೇ ಇಲ್ಲ, ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡು ನಿಧಾನಕ್ಕೆ ಓಡಿಸಿ ನೋಡಿದ್ಮೇಲೆ ಗೊತ್ತಾಯ್ತು. ಇದೊಂದು ಟ್ರಿಕ್ ನೆನಪಿಟ್ಕೊಳ್ಳಿ, ಅಂಕಿಗಳು ಓಡೋ ಸ್ಪೀಡಿಗೆ ಬರ್ಕೊಳಕ್ಕೆ ಆಗಲ್ಲ. ಪರಿಹಾರ ಎರಡು ನಿಮಿಷದ್ದು, ಬಯೋಸ್ ಸೆಟಪ್ಪಿಗೆ ಹೋಗಿ ಬೋರ್ಡಲ್ಲೇ ಇರೋ ಲ್ಯಾನಿನ ಬೂಟ್ ರಾಮ್ ಡಿಸೇಬಲ್ ಮಾಡಿದೆ, ಮೆಸೇಜೂ ಹೋಯ್ತು, ಡಿಸ್ಕೂ ಬಂತು. ನೆಟ್‌ವರ್ಕಿಗೆ ಏನೂ ಆಗಲ್ಲ, ವಿಂಡೋಸ್ ಲಿನಕ್ಸ್ ಒಳಗೆ ಮಾಮೂಲಿ ತರ ಕೆಲಸ ಮಾಡತ್ತೆ, ನೆಟ್‌ವರ್ಕಿಂದ ಬೂಟ್ ಮಾಡಕ್ಕೆ ಮಾತ್ರ ಆಗಲ್ಲ, ಅದು ಮನೇಲಿ ಯಾರಿಗೆ ಬೇಕು.

ಕಾರ್ಡಿನ ನಿಜವಾದ ಕೆಲಸ ಕಂಡಿದ್ದು ಆಮೇಲೆ. ಮೂರು ವಾರ ಆಗಿರ್ಬೇಕು, ಒಳಗಿನ ಧೂಳು ಹೊಡೆದು ಎಲ್ಲಾ ವಾಪಸ್ ಜೋಡ್ಸಿದ್ಮೇಲೆ ಸ್ಕ್ರೀನ್ ಪೂರ್ತಿ ಕಪ್ಪು. ಫ್ಯಾನ್ ತಿರುಗ್ತಿದೆ, ಬೀಪ್ ಇಲ್ಲ (ನನ್ನ ಕ್ಯಾಬಿನೆಟ್ಟಲ್ಲಿ ಬಜರ್ ಇಲ್ಲ, ಇದ್ದಿದ್ರೆ ಏನಾದ್ರೂ ಕೂಗ್ತಿತ್ತೇನೋ), ಮೆಸೇಜ್ ಇಲ್ಲ, ಏನಂದ್ರೆ ಏನೂ ಇಲ್ಲ. ಇಂಥ ಟೈಮಲ್ಲಿ ಮಾಮೂಲಿ ಮನುಷ್ಯ ಮೊದ್ಲು ಅನುಮಾನ ಪಡೋದು ರ್ಯಾಮ್ ಮೇಲೆ, ಆಮೇಲೆ ಗ್ರಾಫಿಕ್ಸ್, ಆಮೇಲೆ ಪವರ್ ಸಪ್ಲೈ, ಒಂದೊಂದೇ ಕಿತ್ತು ಹಾಕೋದ್ರಲ್ಲಿ ಭಾನುವಾರ ಮುಗ್ದೋಗತ್ತೆ. ಪೋಸ್ಟ್ ಕಾರ್ಡ್ ಸಿಗಿಸಿ ಆನ್ ಮಾಡಿದೆ, ಅಂಕಿಗಳು ಪಟಪಟ ಓಡಿ 94ಕ್ಕೆ ಬಂದು ನಿಂತ್ಬಿಡ್ತು. ಆಪ್ಟಿಯೋದಲ್ಲಿ 92 ಅಂದ್ರೆ ಪಿಸಿಐ ಬಸ್ ಶುರು, 94 ಅಂದ್ರೆ ಯಾವ್ಯಾವ ಸ್ಲಾಟಲ್ಲಿ ಯಾರ್ಯಾರಿದೀರ ಅಂತ ಹಾಜರಿ ಕರಿಯೋದು. ಅಂದ್ರೆ ಪ್ರೊಸೆಸರ್, ರ್ಯಾಮ್ ಎಲ್ಲಾ ದಾಟಿ ಬಂದಾಗಿದೆ, ಸ್ಲಾಟಲ್ಲಿರೋರಲ್ಲೇ ಯಾರೋ ಹಾಜರಿಗೆ ಉತ್ತರ ಕೊಡ್ತಿಲ್ಲ. ಅಲ್ಲಿಗೆ ಮುಕ್ಕಾಲು ತಲೆನೋವು ಹೋಯ್ತು ನೋಡಿ.

ಸಾಟಾ ಕಾರ್ಡ್ ತೆಗೆದೆ, 94 ದಾಟ್ತು. ಚಿನ್ನದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರಲ್ಲಿ ಉಜ್ಜಿ ಹಾಕಿದೆ, ಮತ್ತೆ 94. ಬೇರೆ ಸ್ಲಾಟಿಗೆ ಹಾಕಿದೆ, ಅಲ್ಲೂ 94. ಸರಿ ಕಾರ್ಡೇ ಸತ್ತಿದೆ ಅಂತ ಕೈ ಚೆಲ್ಲೋ ಹೊತ್ತಿಗೆ ಸ್ಕ್ರೂ ಹಾಕದೆ ಹಂಗೇ ಆನ್ ಮಾಡಿದೆ, ಬೂಟ್ ಆಯ್ತು! ಕಾರ್ಡಿನ ಹಿಂದಿನ ಲೋಹದ ಪಟ್ಟಿ ಸ್ವಲ್ಪ ಬಾಗಿತ್ತು, ಸ್ಕ್ರೂ ಬಿಗಿ ಮಾಡಿದಂಗೆಲ್ಲಾ ಕಾರ್ಡಿನ ಇನ್ನೊಂದು ತುದಿ ಸ್ಲಾಟಿಂದ ಕೂದಲೆಳೆ ಅಷ್ಟು ಮೇಲೆ ಏಳ್ತಿತ್ತು. ಕಣ್ಣಿಗೆ ಕಾಣಲ್ಲ. ಪಟ್ಟಿ ಬಗ್ಗಿಸಿ ನೆಟ್ಟಗೆ ಮಾಡಿ ಹಾಕಿದೆ, ಇವತ್ತಿನ ತನಕ ತೊಂದ್ರೆ ಇಲ್ಲ. ಇದನ್ನ ಕಾರ್ಡ್ ಹೇಳ್ಲಿಲ್ಲ, ಅದು ಹೇಳಿದ್ದು ಎಲ್ಲಿ ನಿಂತಿದೆ ಅಂತ ಮಾತ್ರ, ಯಾಕೆ ಅಂತ ಅಲ್ಲ. ಇಷ್ಟು ಗೊತ್ತಿದ್ದು ತಗೊಂಡ್ರೆ ಬೇಜಾರಾಗಲ್ಲ.

ಈಗ ಬೈಗುಳದ ಭಾಗ. ಜೊತೆಗೆ ಬರೋ ಪುಸ್ತಕ ಶುದ್ಧ ದಂಡ. ಅದ್ರಲ್ಲಿರೋದು ಹಳೇ ಅವಾರ್ಡ್, ಎಎಂಐ, ಫೀನಿಕ್ಸ್ ಕಾಲದ ಕೋಡುಗಳು, ಅದೂ ಇರುವೆ ಸಾಲಿನ ತರ ಅಕ್ಷರ. ಒಂದೇ ನಂಬರಿಗೆ ಮೂರು ಕಂಪನಿದು ಮೂರು ಅರ್ಥ, ಯುಇಎಫ್ಐ (ಹಳೇ ಬಯೋಸ್ ಬದಲು ಬಂದಿದ್ದು) ಬೋರ್ಡುಗಳ ಸುದ್ದಿನೇ ಇಲ್ಲ. ಅದನ್ನ ನಂಬಿ 94ಕ್ಕೆ ಅರ್ಥ ಹುಡುಕಿದ್ರೆ ದಿಕ್ಕು ತಪ್ಪೋದು ಗ್ಯಾರಂಟಿ, ನಿಮ್ಮ ಮದರ್‌ಬೋರ್ಡ್ ಮ್ಯಾನುವಲ್ ಕೊನೇಲಿ ಕೋಡ್ ಪಟ್ಟಿ ಇದ್ರೆ ಅದೊಂದೇ ಸರಿ. ಇನ್ನೊಂದು, 00 ಅಥವಾ ಎಫ್‌ಎಫ್ ಕಂಡ್ರೆ ಕೆಲವು ಬೋರ್ಡಲ್ಲಿ ಬೂಟ್ ಮುಗೀತು ಅಂತ, ಕೆಲವದ್ರಲ್ಲಿ ಶುರುವೇ ಆಗಿಲ್ಲ ಅಂತ. ಇದಕ್ಕಿಂತ ಕನ್‌ಫ್ಯೂಸ್ ಮಾಡೋದು ಬೇಕಾ. ಎಲ್‌ಇಡಿಗಳು ಪರವಾಗಿಲ್ಲ, 12, 5, 3.3 ವೋಲ್ಟ್ ಬರ್ತಿದೆಯಾ ಅಂತ ತೋರ್ಸತ್ತೆ, ಆದ್ರೆ ಬರ್ತಿರೋದು ಸರಿಯಾದ ವೋಲ್ಟೇಜಾ ಅಂತ ಅಲ್ಲ, ಅದಕ್ಕೆ ಮೀಟರೇ ಬೇಕು. ರೀಸೆಟ್ ಎಲ್‌ಇಡಿ ಮಾತ್ರ ಕೆಲಸದ್ದು, ಆನ್ ಮಾಡಿದಾಗ ಒಂದ್ಸಲ ಮಿನುಗಿ ಆರ್ಬೇಕು, ಆರದೆ ಉರೀತಾನೇ ಇದ್ರೆ ಬೋರ್ಡು ರೀಸೆಟ್ಟಲ್ಲೇ ಸಿಕ್ಕಾಕೊಂಡಿದೆ ಅಂತ.

ಹೊಸ ಮಿಷನ್ ಇರೋರು ತಗೋಬೇಡಿ ಅಂತಾನೇ ಹೇಳ್ತೀನಿ. 2011ರಲ್ಲಿ ಬಂದ ಇಂಟೆಲ್ ಪಿ67, ಎಚ್67 ಚಿಪ್‌ಸೆಟ್ಟಲ್ಲೇ (ಬೋರ್ಡಿನ ಮುಖ್ಯ ಚಿಪ್) ಪಿಸಿಐ ತೆಗ್ದಾಕಿದ್ರು, ಅಂಥ ಬೋರ್ಡಲ್ಲಿ ಪಿಸಿಐ ಸ್ಲಾಟ್ ಕಂಡ್ರೂ ಅದು ಬೇರೆ ಬ್ರಿಡ್ಜ್ ಚಿಪ್ ಮೂಲಕ ಬಂದಿದ್ದು, 80ರ ಬೈಟು ಆ ಕಡೆಗೆ ಬರದೇ ಹೋಗ್ಬೋದು. ಫ್ರೆಂಡ್ ಬೋರ್ಡಲ್ಲಿ ಹಾಕಿ ನೋಡಿದ್ವಿ, ಎರಡು ಗೆರೆ ಬಿಟ್ರೆ ಬೇರೇನೂ ಕಾಣ್ಲಿಲ್ಲ. ಅವನ ಮಿಷನ್ನಿನ ಪ್ರಾಬ್ಲಮ್ಮೋ, ಹೊಸ ಗ್ರಾಫಿಕ್ಸ್ ಕಾರ್ಡಿಗೆ ಪವರ್ ಕೇಬಲ್ಲೇ ಚುಚ್ಚಿರ್ಲಿಲ್ಲ, ಕೇಬಲ್ ಹಾಕಿ ಅಂತ ಸ್ಕ್ರೀನಲ್ಲೇ ಬರ್ದಿತ್ತು, ಓದಿರ್ಲಿಲ್ಲ ಮಹಾನುಭಾವ. ಸ್ಲಾಟಿಂದ ಸಿಗೋದು ಹೆಚ್ಚಂದ್ರೆ 75 ವ್ಯಾಟ್, ದೊಡ್ಡ ಕಾರ್ಡಿಗೆ ಅದು ಎಲ್ಲಿ ಸಾಲತ್ತೆ. ಹೊಸ ಬೋರ್ಡುಗಳಲ್ಲಿ ಎಷ್ಟೋ ಸಲ ಸಿಪಿಯು, ಡಿರ್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಎಲ್‌ಇಡಿ ಬೋರ್ಡಲ್ಲೇ ಇರತ್ತೆ, ಅದನ್ನೇ ನೋಡ್ಕೊಳ್ಳಿ. ಪಿಸಿಐ ರಿಸೋರ್ಸ್, ಅಂದ್ರೆ ಕಾರ್ಡುಗಳಿಗೆ ಕೊಡೋ ಮೆಮೊರಿ ವಿಳಾಸ, ಸಾಲ್ತಿಲ್ಲ ಅಂತ ಬಂದ್ರೆ ಬಯೋಸಲ್ಲಿ "ಅಬೋವ್ 4ಜಿ ಡಿಕೋಡಿಂಗ್" ಆನ್ ಮಾಡಿ ನೋಡಿ, ಎರಡೆರಡು ಗ್ರಾಫಿಕ್ಸ್ ಕಾರ್ಡ್ ಹಾಕೋರಿಗೆ ಬೇಕಾಗೋದು ಅದೇ.

ಹಾಕೋ ಮುಂಚೆ ವೈರನ್ನ ಗೋಡೆಯಿಂದಾನೇ ಕೀಳಿ, ಕ್ಯಾಬಿನೆಟ್ ಬಟನ್ ಆಫ್ ಮಾಡಿದ್ರೂ ಬೋರ್ಡಿಗೆ ಸ್ಟ್ಯಾಂಡ್‌ಬೈ ಕರೆಂಟ್ ಬರ್ತಿರತ್ತೆ. ಈ ಕಾರ್ಡಿಗೆ ಹಿಂದೆ ಲೋಹದ ಪಟ್ಟಿ ಇಲ್ಲ, ಹಾಗಾಗಿ ಯಾವ ಕಡೆ ಮುಖ ಅಂತ ಎರಡು ಸಲ ನೋಡಿ ಸಿಗಿಸಿ.

ಐದಕ್ಕೆ ಮೂರೂವರೆ ಕೊಡ್ತೀನಿ, ಆ ಒಂದೂವರೆ ಕಟ್ ಆಗಿದ್ದು ಪುಸ್ತಕಕ್ಕೇ. ಪುಸ್ತಕ ಆಗ್ಲೇ ಎಸ್ದಿದೀನಿ, ನನ್ನ ಬೋರ್ಡ್ ಮ್ಯಾನುವಲ್ಲಿನ ಕೋಡ್ ಪುಟ ಪ್ರಿಂಟ್ ತೆಗ್ದು ಕಾರ್ಡಿಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಸ್ಕ್ರೂಡ್ರೈವರ್ ಡಬ್ಬೀಲಿ ಇಟ್ಟಿದೀನಿ.