ಡಿಶ್‌ವಾಶರ್ ಕೆಟ್ಟರ ಕಂಪನಿಯವರೋ, ಓಣಿ ಮೆಕ್ಯಾನಿಕ್ಕೋ, ನಾವ ಮಾಡಿಕೊಳ್ಳೋದೋ?

ವಾರಂಟಿ ಇದ್ದರ ಯೋಚನೆನ ಬ್ಯಾಡ ವೈನಿ, ಕಂಪನಿಯವರನ್ನ ಕರೀರಿ. ಹೊರಗಿನವರು ಬಿಚ್ಚಿದ್ರ ಆಮ್ಯಾಲೆ ತಕರಾರು ತಗೀತಾರ.

ವಾರಂಟಿ ಮುಗಿದಿದ್ರ ಲೆಕ್ಕ ಬ್ಯಾರೆ. ಖರ್ಚಿನಾಗ ಓಣಿ ಮೆಕ್ಯಾನಿಕ್ಕೇ ಹಗುರ. ಡ್ರೇನ್ ಪಂಪು (ಹೊಲಸು ನೀರು ಹೊರಗ ಹಾಕೋದು), ಪೈಪು, ಬಾಗಿಲದ ರಬ್ಬರು ಇಂಥಾವಕ್ಕ ಅವರ ಸಾಕು. ಹೊಸಾದು ಹಾಕಿದ್ರ ಹಳೇದನ್ನ ಕೈಯಾಗ ಇಸಕೋರಿ. ಸರ್ಕ್ಯೂಟ್ ಬೋರ್ಡ್, ಹೀಟರ್ ಹೋಗಿದ್ರ ಮಾತ್ರ ದುಬಾರಿ ಅನಿಸಿದರೂ ಕಂಪನಿಯ ಅಸಲಿ ಭಾಗಾನ ಬಾಳಿಕೆ ಬರ್ತದ.

ಇನ್ನ ನೀವ ಕೈ ಹಾಕೋದು. ತಳದಾಗ ನೀರು ನಿಂತದಂದ್ರ ಮೊದಲು ಪ್ಲಗ್ ತೆಗೀರಿ, ಕೆಳಗಿನ ಜಾಲರಿ ತಿರುಗಿಸಿ ಎತ್ತಿ ನೋಡ್ರಿ: ಸಾಸಿವಿ, ಕರಿಬೇವು, ಜಿಡ್ಡು ಕೂಡಿ ಗಟ್ಟಿಯಾಗಿ ಕೂತಿರ್ತಾವ. ಹುಬ್ಬಳ್ಳಿ-ಧಾರವಾಡದಾಗ ಮಲಪ್ರಭಾ ನೀರು ಬರೋದು ತಡ ಆತಂದ್ರ ಬೋರಿನ ಗಡಸು ನೀರ ಗತಿ. ಗ್ಲಾಸಿನ ಮ್ಯಾಲೆ ಬಿಳಿ ಕಲೆ ಅದರದ್ದೇ ಕೆಲಸ. ಅದಕ್ಕ ಡಿಶ್‌ವಾಶರ್ ಉಪ್ಪು ಹಾಕ್ರಿ, ಅಡುಗೆ ಉಪ್ಪಲ್ಲ. ಆಗಾಗ ಸುಣ್ಣ ಕರಗಿಸೋ ಪುಡಿ ಹಾಕಿ ಪಾತ್ರೆ ಇಡದ ಓಡಿಸ್ರಿ. ಇಷ್ಟಕ್ಕ ಯಾರಿಗೋ ರೊಕ್ಕ ಕೊಡೋದಕ್ಕ ನನಗಂತೂ ಮನಸ್ಸು ಬರಂಗಿಲ್ಲ. ಸುಟ್ಟ ವಾಸನಿ ಬಂತೋ, ಮುಟ್ಟಿದ್ರ ಶಾಕ್ ಹೊಡೀತೋ, ಮೇನ್ ಸ್ವಿಚ್ ಆರಿಸಿ ಫೋನ್ ಹಚ್ಚರಿ.