ಮೈಸೂರಿನಿಂದ ಕಡಲಿಗೆ: ಕಣ್ಣೂರೋ, ಗೋಕರ್ಣವೋ, ಧನುಷ್ಕೋಟಿಯೋ?

ಮೈಸೂರು, ಮಂಡ್ಯದವರು ಕಡಲಿಗೆ ಹೊರಟರೆ ಮೂರು ದಾರಿ. ವಿರಾಜಪೇಟೆ ದಾಟಿ ಘಟ್ಟ ಇಳಿದರೆ ಕಣ್ಣೂರು. ರಾತ್ರಿ ರೈಲು ಹತ್ತಿದರೆ ಮುರುಡೇಶ್ವರ, ಅಲ್ಲಿಂದ ಗೋಕರ್ಣ. ಮಧುರೈ ಕಡೆ ತಿರುಗಿದರೆ ರಾಮೇಶ್ವರ, ಧನುಷ್ಕೋಟಿ. ಹೆಚ್ಚಿನವರು ಫೋಟೋ ನೋಡಿ ಊರು ಆರಿಸುತ್ತಾರೆ. ಮೂರನ್ನೂ ಬೇರೆ ಬೇರೆ ಕಾಲದಲ್ಲಿ ಸುತ್ತಿ ನೋಡಿದ ಮೇಲೆ ನಾವು ಹೇಳುವುದು ಇಷ್ಟು: ಮೊದಲು ನೋಡಬೇಕಾದ್ದು ತಿಂಗಳು, ಆಮೇಲೆ ಕೈಯಲ್ಲಿರುವ ದಿನ, ಕೊನೆಗೆ ತಿಥಿ.

ತಿಥಿ ಯಾಕೆಂದರೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಎರಡೂ ಕಡಿಮೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ನಾಲ್ಕು ಗಂಟೆಗೆ ಅಗಲವಾಗಿದ್ದ ಮರಳು ಮೂರು ದಿನ ಬಿಟ್ಟು ಅದೇ ಹೊತ್ತಿಗೆ ಅಷ್ಟೇ ಅಗಲ ಇರುವುದಿಲ್ಲ. ಗೋಡೆಯ ಕ್ಯಾಲೆಂಡರ್ ಒಂದು ಸಲ ನೋಡಿಕೊಂಡು ಹೊರಡಿ.

ಎರಡೇ ದಿನ ರಜೆ ಇದ್ದರೆ ಯೋಚನೆಯೇ ಬೇಡ, ಕಣ್ಣೂರು. ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ, ಇರಿಟ್ಟಿ, ಮಟ್ಟನ್ನೂರು ಮೇಲೆ ಸುಮಾರು 165 ಕಿ.ಮೀ.; ಕಾರಿಗೂ ಬಸ್ಸಿಗೂ ಐದು ಗಂಟೆ ಇಟ್ಟುಕೊಳ್ಳಿ. ತೊಂದರೆ ಕೊಡುವುದು ಪೆರುಂಬಾಡಿಯಿಂದ ಕೂಟುಪೊಳೆವರೆಗಿನ ಮಾಕುಟ್ಟ ಘಟ್ಟ. ರಸ್ತೆ ಕಿರಿದು, ತಿರುವು ಬಿಗಿ, ಮಳೆಗಾಲದಲ್ಲಿ ಮಣ್ಣು ಕುಸಿಯುತ್ತದೆ. ಮಕ್ಕಳಿಗೆ ವಿರಾಜಪೇಟೆಯಲ್ಲಿ ಹೊಟ್ಟೆ ತುಂಬ ತಿನ್ನಿಸಿದರೆ ಘಟ್ಟದಲ್ಲಿ ವಾಂತಿ ಖಂಡಿತ. ಎರಡು ಇಡ್ಲಿಗೆ ನಿಲ್ಲಿಸಿ. ವಯನಾಡಿನ ಮೇಲೆ ಹೋಗುವವರು ಕಾಡಿನ ಗೇಟಿನ ಹೊತ್ತು ನೆನಪಿಡಿ: ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಎಚ್.ಡಿ. ಕೋಟೆ–ಬಾವಲಿ ರಸ್ತೆ ಸಂಜೆ 6ಕ್ಕೇ ಬಂದ್. ಭಾನುವಾರ ಸೂರ್ಯಾಸ್ತ ನೋಡಿಕೊಂಡು ಆ ದಾರಿಯಲ್ಲಿ ವಾಪಸ್ ಬರುತ್ತೇವೆ ಅಂದುಕೊಂಡವರು ಗೇಟಿನ ಆಚೆಯೇ ರಾತ್ರಿ ಕಳೆಯಬೇಕಾಗುತ್ತದೆ.

ಕಣ್ಣೂರಿನ ವಿಶೇಷ ಮುಳಪ್ಪಿಲಂಗಾಡ್ ಕಿನಾರೆ. ಕಣ್ಣೂರು–ತಲಶ್ಶೇರಿ ನಡುವೆ ಸುಮಾರು ನಾಲ್ಕು ಕಿ.ಮೀ. ಉದ್ದಕ್ಕೂ ಮರಳಿನ ಮೇಲೆಯೇ ಕಾರು ಓಡಿಸಬಹುದು. ಅಲ್ಲಲ್ಲಿ ಕರಿಬಂಡೆಗಳು ಅಲೆಯ ಹೊಡೆತ ತಡೆಯುತ್ತವೆ, ನೀರು ದೂರದವರೆಗೂ ಆಳವಿಲ್ಲ. ಮಳೆಗಾಲದಲ್ಲಿ ವಾಹನ ಇಳಿಸಲು ಬಿಡುವುದಿಲ್ಲ. ಮರಳಿನ ಮೇಲೆ ಓಡಿಸಲು ಒಂದು ಲೆಕ್ಕ ಇದೆ. ಅಲೆ ಬಂದು ಹೋದ ಮೇಲೆ ಹೊಳಪು ಆರಿ ಮಂಕಾದ ಪಟ್ಟಿ ಕಾಣುತ್ತದಲ್ಲ, ಅದೇ ಗಟ್ಟಿ ನೆಲ; ಕಣಗಳ ನಡುವಿನ ತೇವವೇ ಅಲ್ಲಿ ಮರಳನ್ನು ಹಿಡಿದಿಟ್ಟಿರುತ್ತದೆ. ಅದರ ಮೇಲಿನ ಒಣಮರಳು ಸಡಿಲ. ಕೆಳಗಿನ ಹೊಳೆಯುವ ಮರಳಿನಲ್ಲಿ ನೀರು ತುಂಬಿರುವುದರಿಂದ ಕಾರು ನಿಲ್ಲಿಸಿದರೆ ಚಕ್ರ ಕೆಳಗಿಳಿಯುತ್ತದೆ. 20 ಕಿ.ಮೀ. ವೇಗ ಸಾಕು, ಬ್ರೇಕ್ ಗಟ್ಟಿಯಾಗಿ ಒತ್ತಬೇಡಿ. ಸಿಕ್ಕಿಕೊಂಡರೆ ಆಕ್ಸಿಲರೇಟರ್ ತುಳಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಇಳಿದು, ಎಂಜಿನ್ ಎಳೆಯುವ ಚಕ್ರಗಳ ಹಿಂದಿನ ಮರಳು ಕೈಯಿಂದ ತೆಗೆಯಿರಿ, ಕಾಲೊರೆಸುವ ಮ್ಯಾಟ್ ಹಾಕಿ, ಟೈರಿನ ಗಾಳಿ 20 ಪಿಎಸ್‌ಐಗೆ ಇಳಿಸಿ, ಬಂದ ಜಾಡಿನಲ್ಲೇ ನಿಧಾನ ರಿವರ್ಸ್ ಬನ್ನಿ. ಮುಂದಿನ ಬಂಕಿನಲ್ಲಿ ಗಾಳಿ ಮತ್ತೆ ತುಂಬಿಸಲೇಬೇಕು. ಊರಿಗೆ ಬಂದ ದಿನವೇ ಗಾಡಿಯ ಅಡಿಭಾಗಕ್ಕೆ ಸಿಹಿನೀರಿನ ವಾಟರ್ ಸರ್ವೀಸ್ ಮಾಡಿಸಿ; ಒಂದು ವಾರ ಬಿಟ್ಟರೆ ಉಪ್ಪು ಸೈಲೆನ್ಸರ್ ಕ್ಲಾಂಪಿನಿಂದ ತಿನ್ನಲು ಶುರುಮಾಡುತ್ತದೆ.

ಈ ಕಿನಾರೆಯ ದಕ್ಷಿಣದ ತುದಿಯಲ್ಲಿ ಧರ್ಮಡಂ ದ್ವೀಪ. ದಡದಿಂದ ನೂರು ಮೀಟರ್ ಅಷ್ಟೆ, ಇಳಿತದಲ್ಲಿ ನಡೆದೇ ದಾಟಬಹುದು. ನೀರು ತಿರುಗುವ ಹೊತ್ತು ತಿಳಿಯದೆ ಮಾತ್ರ ಕಾಲಿಡಬೇಡಿ. ದಡದ ಮೀನುಗಾರರನ್ನು ‘ಚೇಟ್ಟಾ, ವೇಲಿಯೇಟ್ಟಂ ಎಪ್ಪೋಳ್?’ ಎಂದು ಕೇಳಿದರೆ ಉಬ್ಬರದ ಹೊತ್ತು ಹೇಳುತ್ತಾರೆ.

ಗೋಕರ್ಣಕ್ಕೆ ಮೂರು ದಿನ ಬೇಕು. ಬೆಂಗಳೂರಿನಿಂದ ಮಂಡ್ಯ, ಮೈಸೂರು, ಹಾಸನ, ಮಂಗಳೂರು ಮೇಲೆ ಹೋಗುವ ರಾತ್ರಿ ರೈಲು 2023ರಿಂದ ಮುರುಡೇಶ್ವರದವರೆಗೂ ಓಡುತ್ತಿದೆ. ಕಾರಿಗಿಂತ ಇದೇ ಮೇಲು. ಮುರುಡೇಶ್ವರದಿಂದ ಗೋಕರ್ಣ 80 ಕಿ.ಮೀ. ಒಳಗೆ. ನಡುವೆ ಹೊನ್ನಾವರದ ಕಾಸರಕೋಡಿನಲ್ಲಿ ಇಳಿಯಿರಿ. ಸ್ವಚ್ಛ ಕಿನಾರೆಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ‘ಬ್ಲೂ ಫ್ಲ್ಯಾಗ್’ ಅನ್ನು 2020ರಲ್ಲಿ ಪಡೆದ ಕಿನಾರೆ ಅದು, ಶೌಚಾಲಯವೂ ಸ್ನಾನದ ವ್ಯವಸ್ಥೆಯೂ ಇರುವುದರಿಂದ ವಯಸ್ಸಾದವರು ಜೊತೆಗಿದ್ದರೆ ಅನುಕೂಲ. ಗೋಕರ್ಣದ ರುಚಿ ಇರುವುದು ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ನಡುವಿನ ಕಾಲುದಾರಿಯಲ್ಲಿ. ಒಂದರಿಂದ ಒಂದಕ್ಕೆ ಸುಮಾರು ಅರ್ಧ ಗಂಟೆ. ಚಪ್ಪಲಿಯಲ್ಲಿ ಹೋದರೆ ಜಾರುತ್ತೀರಿ, ಶೂ ಇರಲಿ. ಕತ್ತಲಾಗುವ ಒಂದು ಗಂಟೆ ಮೊದಲೇ ಹೊರಳಿ. ಶನಿವಾರ–ಭಾನುವಾರ ಬೆಂಗಳೂರೆಲ್ಲ ಅಲ್ಲೇ ಇರುತ್ತದೆ. ಹಾಗಾಗಿ ಭಾನುವಾರ ರಾತ್ರಿ ಹೊರಟು ಬುಧವಾರ ವಾಪಸಾಗುವುದು ಎಷ್ಟೋ ವಾಸಿ.

ಗೋಕರ್ಣದ ಈ ಕಡಲತೀರದಲ್ಲಿ ಸೆಳೆತ ಜೋರು. ವಿಶ್ವೇಶ್ವರಯ್ಯ ನಾಲೆಯಲ್ಲೋ ಕಾವೇರಿಯಲ್ಲೋ ಈಜು ಕಲಿತವರಿಗೆ ಇಲ್ಲಿ ಅಪಾಯ ಹೆಚ್ಚು, ಯಾಕೆಂದರೆ ನೀರು ಎಳೆದ ಕೂಡಲೇ ಅವರು ನೇರ ದಡಕ್ಕೆ ಈಜಿ ಸುಸ್ತಾಗುತ್ತಾರೆ. ಸೆಳೆತ ಕಡಲಿನತ್ತ ಹರಿಯುವ ಕಿರಿದಾದ ಹೊಳೆ ಇದ್ದಂತೆ. ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ ಅದರಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ಎರಡು ಕಡೆ ಅಲೆ ಒಡೆಯುತ್ತಾ ನಡುವೆ ಮಾತ್ರ ನೀರು ಸಮವಾಗಿ ಕಂಡರೆ ಅಲ್ಲಿ ಇಳಿಯಲೇಬೇಡಿ. ಶಾಂತವಾಗಿ ಕಾಣುವ ಆ ಜಾಗವೇ ಸೆಳೆತ.

ಧನುಷ್ಕೋಟಿಗೆ ನಾಲ್ಕು ದಿನ ಇಲ್ಲದೆ ಹೊರಡಬೇಡಿ. ರಸ್ತೆ 500 ಕಿ.ಮೀ. ಮೀರುತ್ತದೆ, ಚಾಮರಾಜನಗರದ ಮೇಲೆ ಹೋದರೆ ದಿಂಬಂ ಘಟ್ಟದ 27 ತಿರುವು, ಅಲ್ಲಿಯೂ ರಾತ್ರಿ ಸಂಚಾರವಿಲ್ಲ. ತೂತ್ತುಕುಡಿ ರೈಲಿನಲ್ಲಿ ಮಧುರೈಗೆ ಹೋಗಿ ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ ಹಿಡಿಯುವುದು ಹಗುರ. 1964ರ ಡಿಸೆಂಬರ್ ಚಂಡಮಾರುತದಲ್ಲಿ ಅಳಿದ ಊರಿನ ಗೋಡೆಗಳನ್ನು ದಾಟಿ ರಸ್ತೆ ನೆಲದ ಕೊನೆಯ ತುದಿಯಾದ ಅರಿಚಲ್‌ಮುನೈವರೆಗೂ ಹೋಗುತ್ತದೆ, ಎರಡೂ ಪಕ್ಕ ಕಡಲು. ಸ್ಥಳೀಯರು ಉತ್ತರದ ಪಾಕ್ ಕೊಲ್ಲಿಯ ಕಡೆಯದನ್ನು ಶಾಂತವೆಂದು ಹೆಣ್ಣು ಕಡಲು, ದಕ್ಷಿಣದ ಮನ್ನಾರ್ ಕೊಲ್ಲಿಯ ಕಡೆಯದನ್ನು ರಭಸದ್ದೆಂದು ಗಂಡು ಕಡಲು ಎನ್ನುತ್ತಾರೆ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಆ ಮಾತು ನಿಜ. ಹಿಂಗಾರು ಬೀಸಿದಾಗ ಹೆಣ್ಣು ಕಡಲೇ ರೇಗುತ್ತದೆ. ತುದಿಯಲ್ಲಿ ಸ್ನಾನಕ್ಕೆ ಇಳಿಯುವಂತಿಲ್ಲ. ನೀರಾಟಕ್ಕೆ ರಾಮೇಶ್ವರಕ್ಕೆ ಮುಂಚೆ ಸಿಗುವ ಅರಿಯಮಾನ್ ಕಿನಾರೆ ಸರಿ, ಅಲ್ಲಿ ನೀರು ಆಳವಿಲ್ಲ, ಗಾಳಿಮರದ ನೆರಳೂ ಇದೆ. ಧನುಷ್ಕೋಟಿಯಲ್ಲಿ ನೆರಳೆಂಬುದೇ ಇಲ್ಲ. ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು ಒಯ್ಯಿರಿ, ಬೆಳಿಗ್ಗೆ ಬೇಗ ಹೋಗಿ. ಸಂಜೆಯಾಗುತ್ತಲೇ ಪೊಲೀಸರು ಎಲ್ಲರನ್ನೂ ಹೊರಡಿಸುತ್ತಾರೆ.

ತಿಂಗಳ ವಿಷಯಕ್ಕೆ ಬಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಎರಡೂ ಬೇಡ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ರಾಮೇಶ್ವರ ಬೇಡ. ದಸರಾ ರಜೆಗೆ ಕಣ್ಣೂರು, ಡಿಸೆಂಬರ್‌ಗೆ ಗೋಕರ್ಣ, ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಧನುಷ್ಕೋಟಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ಹೋಗುವ ಟಿಕೆಟ್ಟಿಗಿಂತ ವಾಪಸ್ ಬರುವ ಭಾನುವಾರದ ಟಿಕೆಟ್ ಬೇಗ ಮುಗಿಯುವುದರಿಂದ ಅದರ ಮೇಲೆ ಮೊದಲು ಕಣ್ಣಿಡಿ.