ಮಂಡ್ಯದ ಮಕ್ಕಳ ಕ್ಯಾನ್ಸರ್ ಎಣಿಕೆ: ಲ್ಯಾಬ್ ಪುಸ್ತಕವೋ, ಕ್ಲೇಮ್ ಪಟ್ಟಿಯೋ, ಜಿಲ್ಲೆಯ ನೋಂದಣಿಯೋ

ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಎಷ್ಟು ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ? ಮೂರು ಕಡೆ ಎಣಿಸಿದರೆ ಮೂರು ಉತ್ತರ ಸಿಗುತ್ತವೆ.

ಗೆಡ್ಡೆಯ ಚೂರು ಪರೀಕ್ಷಿಸುವ ಪೆಥಾಲಜಿ ಲ್ಯಾಬಿನ ರಿಜಿಸ್ಟರಿಗೆ ಖರ್ಚು ಕಡಿಮೆ, ರೋಗದ ಹೆಸರೂ ಖಚಿತ. ಆದರೆ ಕಣ್ಣಿನ ಕ್ಯಾನ್ಸರಾದ ರೆಟಿನೋಬ್ಲಾಸ್ಟೋಮಾ ಅಲ್ಲಿ ತಪ್ಪಿಹೋಗುತ್ತದೆ. ಗೆಡ್ಡೆ ಹರಡೀತೆಂದು ಕಣ್ಣಿಗೆ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡುವುದಿಲ್ಲ. ಕಣ್ಣು ತೆಗೆದರಷ್ಟೇ ಲ್ಯಾಬಿಗೆ ಬರುತ್ತದೆ. ಮಕ್ಕಳ ಕ್ಯಾನ್ಸರಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಅದರ ಬೋನ್ ಮ್ಯಾರೋ (ಎಲುಬಿನ ಮಜ್ಜೆ) ವರದಿ ಸಾಮಾನ್ಯವಾಗಿ ರಕ್ತಪರೀಕ್ಷೆಯ ವಿಭಾಗವಾದ ಹೆಮಟಾಲಜಿಯ ಬೇರೆ ಪುಸ್ತಕದಲ್ಲಿರುತ್ತದೆ. ಬಯಾಪ್ಸಿ ಪುಸ್ತಕವನ್ನಷ್ಟೇ ತಿರುವಿದರೆ ಆ ಪಾಲೇ ಮಾಯ.

ಎರಡನೆಯದು, ಸರ್ಕಾರದ ಆರೋಗ್ಯ ಯೋಜನೆಯಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕಕ್ಕೆ ಚಿಕಿತ್ಸೆಯ ಹಣ ಕೋರಿ ಬಂದ ಕ್ಲೇಮ್‌ಗಳ ಪಟ್ಟಿ. ಅದರ ಬಲವೆಂದರೆ, ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದ ಮಗುವೂ ಅದರಲ್ಲಿ ಸಿಗುತ್ತದೆ. ಆದರೆ ಕೀಮೋದ ಸರದಿಗೊಂದು ಕ್ಲೇಮ್ ಬಂದರೆ ಒಂದೇ ಮಗು ಹಲವು ಸಲ ಎಣಿಕೆಯಾಗುತ್ತದೆ. ಕೈಯಿಂದ ದುಡ್ಡು ಕಟ್ಟಿದವರು ಇಲ್ಲವೇ ಇಲ್ಲ. ತಾಳೆ ನೋಡಲು ಸರಿ, ದರ (ಇಷ್ಟು ಮಕ್ಕಳಲ್ಲಿ ಎಷ್ಟು ಮಂದಿಗೆ ರೋಗ ಎಂಬುದು) ಲೆಕ್ಕ ಹಾಕಲು ಬೇಡ.

ದರ ಬೇಕೆಂದರೆ ಜನಸಂಖ್ಯೆ ಆಧಾರಿತ ನೋಂದಣಿಯೇ ಆಗಬೇಕು, ಅಂದರೆ ಜಿಲ್ಲೆಯ ನಿವಾಸಿಗಳ ಪ್ರತಿ ಪ್ರಕರಣವನ್ನೂ, ಚಿಕಿತ್ಸೆ ಎಲ್ಲೇ ಆಗಿರಲಿ, ಬರೆದಿಡುವುದು. ಬೆಂಗಳೂರಿನಲ್ಲಿ 1982ರಿಂದ ಇರುವುದು ಇದೇ ಬಗೆ. ಸಿಬ್ಬಂದಿಯೇ ಮೈಸೂರು, ಮಂಡ್ಯ, ಬೆಂಗಳೂರಿನ ಆಸ್ಪತ್ರೆ, ಲ್ಯಾಬ್, ಮರಣ ನೋಂದಣಿ ಕಚೇರಿಗಳಿಗೆ ಅಲೆಯಬೇಕು. ಕನಿಷ್ಠ ಒಂದು ವರ್ಷದಿಂದ ಜಿಲ್ಲೆಯಲ್ಲೇ ವಾಸವಿದ್ದವರನ್ನಷ್ಟೇ ಸೇರಿಸಬೇಕು. ಎಡವುವುದು ವಿಳಾಸದಲ್ಲಿ: ಮದ್ದೂರಿನ ಮಗುವಿಗೆ ಬೆಂಗಳೂರಿನ ಚಿಕ್ಕಪ್ಪನ ಮನೆ ವಿಳಾಸ ಬರೆಸಿರುತ್ತಾರೆ. ಒಂದೇ ಮಗು ಎರಡು ಸಲ ಎಣಿಕೆಯಾಗದಂತೆ ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷ, ಕಾಯಂ ಊರು, ಗೆಡ್ಡೆಯ ಬಗೆ ಈ ಐದನ್ನೂ ಹೊಂದಿಸಿ ನೋಡಿ. ಹೆಸರೊಂದನ್ನೇ ನಂಬಿದರೆ ಕಾಗುಣಿತ ಕೈಕೊಡುತ್ತದೆ. ಎರಡೂ ಕಣ್ಣಿನ ರೆಟಿನೋಬ್ಲಾಸ್ಟೋಮಾ ಎಣಿಕೆಯಲ್ಲಿ ಒಂದೇ.

ದೊಡ್ಡವರ ಕ್ಯಾನ್ಸರನ್ನು ಅಂಗದ ಮೇಲೆ ವಿಂಗಡಿಸುತ್ತಾರೆ, ಮಕ್ಕಳದ್ದನ್ನು ಮುಖ್ಯವಾಗಿ ಜೀವಕೋಶದ ಬಗೆಯ ಮೇಲೆ, 12 ಗುಂಪುಗಳಾಗಿ. ‘ಹೊಟ್ಟೆಯ ಗೆಡ್ಡೆ’ ಎಂದಷ್ಟೇ ಬರೆದುಕೊಂಡು ಬಂದರೆ ಅದು ಮೂತ್ರಪಿಂಡದ ಗೆಡ್ಡೆಯಾದ ವಿಲ್ಮ್ಸೋ ನರಕೋಶದ ಗೆಡ್ಡೆಯಾದ ನ್ಯೂರೋಬ್ಲಾಸ್ಟೋಮಾವೋ ಗೊತ್ತಾಗದೆ, ಮತ್ತೆ ಅದೇ ಆಸ್ಪತ್ರೆಗೆ ಬಸ್ಸು ಹತ್ತಬೇಕು.

ನೋಂದಣಿ ಎಷ್ಟೇ ಚೊಕ್ಕವಾಗಿದ್ದರೂ ಒಂದು ವರ್ಷದ ಅಂಕಿ ಹಿಡಿದು ಮಾತಾಡಬಾರದು. ಒಂದು ಬಗೆಯ 4 ಪ್ರಕರಣ ಸಿಕ್ಕಿದರೆ, ಶೇ 95ರ ಭರವಸೆಯಲ್ಲಿ ನಿಜವಾದ ಸರಾಸರಿ 1ರಿಂದ 10ರವರೆಗೆ ಎಲ್ಲಾದರೂ ಇರಬಹುದು. ಐದು ವರ್ಷ ಕೂಡಿಸಿ 20 ಸಿಕ್ಕಿದರೆ ಆ ವ್ಯಾಪ್ತಿ 12ರಿಂದ 31. ಅಂದರೆ ವರ್ಷಕ್ಕೆ ಸುಮಾರು 2ರಿಂದ 6. ದರವನ್ನು 0–14 ವಯಸ್ಸಿನ 10 ಲಕ್ಷ ಮಕ್ಕಳಿಗೆ ಇಷ್ಟು ಎಂದು ಹೇಳಿ. ಭಾಗಿಸುವ ಸಂಖ್ಯೆಯಾದ ಛೇದಕ್ಕೆ 2011ರ ಜನಗಣತಿಯ ಮಕ್ಕಳ ಸಂಖ್ಯೆಯನ್ನೇ ಇಟ್ಟುಕೊಂಡರೆ, ಹುಟ್ಟುವ ಮಕ್ಕಳು ಕಡಿಮೆಯಾಗುತ್ತಿರುವ ಕಡೆ ದರ ಇದ್ದುದಕ್ಕಿಂತ ಕಮ್ಮಿ ಕಾಣುತ್ತದೆ.